ಕಾಸು ಕಮ್ಮಿ, ಕೋವಿ ಆಸೆ ಜಾಸ್ತಿ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಗಳೂರು ಕಡೆ ನನಗೆ ಮೆಕ್ಕೆಜೋಳದ ಹೊಲ ಇದೆ, ದಾವಣಗೆರೆಯಲ್ಲಿ ಮನೆ. ಅಪ್ಪನ ಕಾಲದ ಒಂದು ಜೋಡಿನಳಿಗೆ ಬಂದೂಕು, ನಾನೇ ಕೊಂಡ ಎರಡು ಏರ್‌ಗನ್, ಇಷ್ಟೇ ನನ್ನ ಆಯುಧಾಗಾರ. ಆದರೂ ಪರಿಚಯದವರಲ್ಲಿ ಯಾರ ತಲೆಗೆ ಬಂದೂಕಿನ ಹುಳ ಹೊಕ್ಕರೂ ಮಂಡಕ್ಕಿ–ಮಿರ್ಚಿ ಕೊಡಿಸಿ ನನ್ನನ್ನೇ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಕಡತದ ಮೇಲೆ ಕೊನೆಯ ಮಾತು ಜಿಲ್ಲಾಧಿಕಾರಿ ಕಚೇರಿಯದ್ದು.

ಕಡಿಮೆ ದುಡ್ಡಲ್ಲಿ ಒಂದು ನಾಲ್ಕೈದು ಬಂದೂಕು ಮಾಡ್ಕೊಬೇಕು ಅಂತಿದೀನಿ. ಹೆಂಗೆ ಶುರು ಮಾಡ್ಲಿ?

ದುಡ್ಡು ಇದ್ದರೂ ನಾಲ್ಕೈದು ಆಗುವುದಿಲ್ಲ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬರ ಹೆಸರಲ್ಲಿ ಮೂರು ಬಂದೂಕು ಇರಬಹುದಿತ್ತು, ಈಗ ಎರಡೇ. ಮೊದಲು ಮಸೂದೆಯಲ್ಲಿ ಒಂದೇ ಅಂತ ಬರೆದಿದ್ದರು, ಗಲಾಟೆಯಾಗಿ ಎರಡಕ್ಕೆ ನಿಂತಿತು. ಮೂರನೆಯದು ಇದ್ದವರು ಒಂದು ವರ್ಷದೊಳಗೆ ಠಾಣೆಗೋ ಗನ್ ಹೌಸಿಗೋ (ಲೈಸೆನ್ಸ್ ಇರುವ ಬಂದೂಕಿನ ಅಂಗಡಿ) ಒಪ್ಪಿಸಬೇಕಾಯಿತು. ಅಜ್ಜನಿಂದ ಬಂದದ್ದು, ಮಾವನಿಂದ ಬಂದದ್ದು ಅಂದರೂ ಲೆಕ್ಕ ಎರಡರೊಳಗೇ.

ಸಮಾಧಾನದ ಸಂಗತಿ ಒಂದಿದೆ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ನವೀಕರಣದ ಓಡಾಟ ಅಷ್ಟು ಕಡಿಮೆ.

ಹಂಗಾದ್ರೆ ಸಂಗ್ರಹ ಅಂತ ಮಾಡೋದೇನು?

ನನ್ನ ಲೆಕ್ಕ ಹೀಗೆ. ಲೈಸೆನ್ಸ್ ಬೇಡದ ಒಂದು ಒಳ್ಳೆ ಏರ್‌ಗನ್ ಮೊದಲು. ಒಂದು ವರ್ಷ ಅದರಲ್ಲಿ ಕೈ ಪಳಗಿಸಿ. ಆಮೇಲೂ ಬೇಕೆನಿಸಿದರೆ, ಬೇಕೆನ್ನಲು ಕಾರಣವೂ ಇದ್ದರೆ, ಒಂದು 12 ಬೋರ್ (ಬೋರ್ ಅಂದರೆ ನಳಿಗೆಯ ಅಳತೆ) ಜೋಡಿನಳಿಗೆ. ಎರಡನೇ ಬಂದೂಕಿನ ಜಾಗ ಖಾಲಿ ಬಿಡಿ. ಅದಕ್ಕೆ ಸುರಿಯುವ ದುಡ್ಡನ್ನು ಕಬ್ಬಿಣದ ಬೀರು, ಗುಂಡು, ತರಬೇತಿಗೆ ಹಾಕಿ. ನನ್ನ ಕಣ್ಣೆದುರೇ ಇಬ್ಬರು ಹೊಲ ಅಡವಿಟ್ಟು ರಿವಾಲ್ವರ್ ತಂದರು. ಹತ್ತು ವರ್ಷದಲ್ಲಿ ಇಬ್ಬರೂ ಸೇರಿ ಹತ್ತು ಗುಂಡು ಹೊಡೆದಿಲ್ಲ.

ಏರ್‌ಗನ್‌ಗೆ ಲೈಸೆನ್ಸ್ ಬೇಡ ಅನ್ನೋದು ನಿಜಾನಾ?

ಒಂದು ಮಿತಿಯೊಳಗೆ ನಿಜ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಅಳತೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ದಾಟಬಾರದು. ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 20 ಜೌಲ್ ದಾಟಬಾರದು. ಇವೆರಡೂ ಸರಿ ಇದ್ದರೆ ಅಂಗಡಿಯವರು ಗುರುತಿನ ಚೀಟಿ, ವಿಳಾಸದ ದಾಖಲೆ, ಫೋಟೊ ತಗೊಂಡು ರಿಜಿಸ್ಟರಿನಲ್ಲಿ ಬರೆದು ಕೊಡುತ್ತಾರೆ. ಪಾಯಿಂಟ್ 22 ಏರ್‌ಗನ್ ಅಂದರೆ 5.5 ಮಿಲಿಮೀಟರ್, ಅದಕ್ಕೆ ಲೈಸೆನ್ಸ್ ಬೇಕು. ಇದನ್ನು ಹಲವರು ಮರೆಯುತ್ತಾರೆ.

ಜೌಲ್ ಅಂದರೆ ಹೆದರಬೇಡಿ, ಹೈಸ್ಕೂಲಿನ ಲೆಕ್ಕ. ಸಾಮಾನ್ಯ ಗುಂಡು 8 ಗ್ರೇನ್ ತೂಗುತ್ತದೆ, ಅಂದರೆ ಅರ್ಧ ಗ್ರಾಂಗಿಂತ ಒಂದು ಕೂದಲು ಜಾಸ್ತಿ. ನಮ್ಮ ಸ್ಪ್ರಿಂಗ್ ಗನ್ನುಗಳು ಅದನ್ನು ಸೆಕೆಂಡಿಗೆ 700 ಅಡಿ, ಅಂದರೆ 213 ಮೀಟರ್ ವೇಗದಲ್ಲಿ ಬಿಟ್ಟವು ಅಂದುಕೊಳ್ಳಿ. ತೂಕವನ್ನು ಕಿಲೋಗ್ರಾಂಗೆ ತಿರುಗಿಸಿ, ಅದರ ಅರ್ಧಕ್ಕೆ ವೇಗದ ವರ್ಗ ಗುಣಿಸಿದರೆ 11.8 ಜೌಲ್ ಬರುತ್ತದೆ. ಇದೇ ಗುಂಡು 20 ಜೌಲ್ ಮುಟ್ಟಬೇಕಾದರೆ ಸೆಕೆಂಡಿಗೆ 278 ಮೀಟರ್, ಸುಮಾರು 910 ಅಡಿ ಓಡಬೇಕು. ಆದ್ದರಿಂದ ಯಾರಾದರೂ "ಅಣ್ಣಾ, ಸಾವಿರದಿನ್ನೂರು ಅಡಿ ಸ್ಪೀಡು" ಅಂತ ಮಾರಲು ಬಂದರೆ ಎರಡರಲ್ಲಿ ಒಂದು: ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ನಿಮಗೆ ಕೇಸು ಮಾರುತ್ತಿದ್ದಾನೆ.

ಯಾವ ಏರ್‌ಗನ್ ತಗೊಳ್ಲಿ? ಹಳೇದು ಸಿಕ್ರೆ ಉಳಿತಾಯ ಆಗುತ್ತಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಏರ್‌ಗನ್ ಸೆಕೆಂಡ್ ಹ್ಯಾಂಡ್, ಅರ್ಧ ಬೆಲೆಗೆ ಬಂತು. ಮನೆಗೆ ತಂದ ದಿನ ಬಂದ ನೆಂಟರಿಗೆಲ್ಲ ತೋರಿಸುವ ಚಪಲ. ಗುಂಡು ಹಾಕದೆ ಮಡಚಿ, ಟ್ರಿಗರ್ ಎಳೆದು "ಟಪ್" ಅನ್ನಿಸುವುದು. ನನ್ನ ಮುಂಚಿನವನೂ ಅದನ್ನೇ ಮಾಡಿರಬೇಕು. ವಾರದೊಳಗೆ ಗುಂಡು ಹತ್ತು ಮೀಟರಿನ ರಟ್ಟನ್ನೂ ತೂರದ ಹಾಗಾಯಿತು. ಬಿಚ್ಚಿಸಿ ನೋಡಿದರೆ ಪಿಸ್ಟನ್ನಿನ ವಾಷರ್ ಚೂರುಚೂರು. ಸ್ಪ್ರಿಂಗ್ ಗನ್ನಿನ ಒಳಗೆ ಪಿಸ್ಟನ್ ಮುನ್ನುಗ್ಗುವಾಗ ಅದರ ಮುಂದೆ ಗಾಳಿ ಅಮುಕಿ ಮೆತ್ತೆಯ ಹಾಗೆ ತಡೆಯುತ್ತದೆ. ನಳಿಗೆಯಲ್ಲಿ ಗುಂಡು ಇದ್ದರೆ ಮಾತ್ರ ಆ ಮೆತ್ತೆ. ಖಾಲಿ ಹೊಡೆದರೆ ಕಬ್ಬಿಣ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ರಿಪೇರಿಗೆ, ಬಸ್ಸಿಗೆ, ಕೊರಿಯರಿಗೆ ಕೊಟ್ಟದ್ದು ಕೂಡಿಸಿದರೆ ಹೊಸದೇ ಬರುತ್ತಿತ್ತು.

ಈಗ ನಮ್ಮ ದೇಶದಲ್ಲೇ ಚೆನ್ನಾಗಿ ಮಾಡುತ್ತಾರೆ. ಪ್ರೆಸಿಹೋಲ್‌ನವರದ್ದು ಬಂದ ಮೇಲೆ ಭಾರತೀಯ ಏರ್‌ಗನ್ ಅಂದರೆ ಮೂಗು ಮುರಿಯುವುದು ನಿಂತಿದೆ. ಎಸ್‌ಡಿಬಿ, ನ್ಯಾಷನಲ್ ಹಳೇ ಹೆಸರುಗಳು, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಬಜೆಟ್ ಕಡಿಮೆ ಇದ್ದವರು ನಳಿಗೆ ಮಡಚುವ ಸ್ಪ್ರಿಂಗ್ ಗನ್ ತಗೊಳ್ಳಿ. ಗಾಳಿ ತುಂಬುವ ಪಿಸಿಪಿ ಗನ್ನು ಹೊಡೆಯಲು ಸುಖ, ಅದುರುವುದೇ ಇಲ್ಲ. ಆದರೆ ಅದರ ಹಿಂದೆ ಹ್ಯಾಂಡ್ ಪಂಪ್ ಬರುತ್ತದೆ, ಪಂಪಿನ ಹಿಂದೆ ಸೀಲು ಬರುತ್ತದೆ, ಸೀಲಿನ ಹಿಂದೆ ಬೆನ್ನುನೋವು ಬರುತ್ತದೆ.

ದೂರದರ್ಶಕ ಬೇಡ. ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಅಗ್ಗದ ಸ್ಕೋಪು ಅದನ್ನು ತಾಳುವುದಿಲ್ಲ. ಮೊದಲ ವರ್ಷ ಕಬ್ಬಿಣದ ಗುರಿಕಣ್ಣಿನಲ್ಲೇ ಕಲಿಯಿರಿ. ಉಳಿದ ದುಡ್ಡಿಗೆ ಎರಡು ಮೂರು ಬಗೆಯ ಗುಂಡಿನ ಡಬ್ಬಿ ತಂದು ಒಂದೊಂದರಲ್ಲೂ ಐದೈದು ಹೊಡೆದು ನೋಡಿ. ಒಂದೇ ಕಂಪನಿಯ ಎರಡು ಗನ್ನಿಗೆ ಎರಡು ಬೇರೆ ಬೇರೆ ಗುಂಡು ಇಷ್ಟವಾಗುವುದುಂಟು.

ಎಲ್ಲಿ ಹೊಡಿಬೇಕು? ನಮ್ಮೂರಲ್ಲಿ ರೇಂಜ್ ಎಲ್ಲಿದೆ?

ಏರ್‌ಗನ್‌ಗೆ ಹತ್ತು ಮೀಟರ್ ಸಾಕು, ಒಲಿಂಪಿಕ್ಸಿನ ದೂರವೇ ಅದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಎರಡೂ ಹತ್ತೇ ಮೀಟರಿನಲ್ಲಿ. ಉದ್ದನೆಯ ಗೋಡೌನ್, ಮಾಳಿಗೆ, ಹೊಲದ ಮನೆಯ ಹಿಂದಿನ ಗೋಡೆ ಏನಾದರೂ ಆಗುತ್ತದೆ. ಗುರಿ ಮತ್ತು ನಿಮ್ಮ ನಡುವೆ ಬಾಗಿಲು ಇರಬಾರದು. ಮಕ್ಕಳು ಬಾಗಿಲು ತಟ್ಟಿ ಬರುವುದಿಲ್ಲ.

ಗುಂಡು ತಡೆಯಲು ನಾನು ಗೋಣಿಚೀಲ ಇಟ್ಟುಕೊಂಡಿದ್ದೇನೆ. ಮಂಡಕ್ಕಿ ಭಟ್ಟಿಯಿಂದ ತಂದ ಚೀಲ, ಆದರೆ ಒಳಗಿರುವುದು ಮಂಡಕ್ಕಿಯಲ್ಲ, ಹಳೇ ಸೀರೆ, ಪಂಚೆ, ಟವೆಲ್ಲು, ಬಿಗಿಯಾಗಿ ತುಳಿದು ತುಂಬಿದ್ದು. ಅದರ ಹಿಂದೆ ದಪ್ಪ ತಗಡು, ಮೇಲ್ಭಾಗ ನಮ್ಮ ಕಡೆಗೆ ವಾಲಿರಬೇಕು. ಆಗ ಚೀಲ ದಾಟಿದ ಗುಂಡು ನೆಲಕ್ಕೆ ಬೀಳುತ್ತದೆ, ಮುಖಕ್ಕೆ ಬರುವುದಿಲ್ಲ. ಆದರೂ ಕನ್ನಡಕ ಹಾಕಿಕೊಳ್ಳಿ. ಬರೀ ಇಟ್ಟಿಗೆ ಗೋಡೆಗೆ ಹೊಡೆದರೆ ಸೀಸ ಚಪ್ಪಟೆಯಾಗಿ ವಾಪಸ್ ಹಾರುತ್ತದೆ, ನನ್ನ ಹಣೆಯ ಮೇಲೆ ಅದರ ಗುರುತು ಇದೆ.

ಏರ್ ರೈಫಲ್ಲಿನ ನಿಜವಾದ ಗುರಿಪಟದ ಹೊರವೃತ್ತ 45.5 ಮಿಲಿಮೀಟರ್. ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಪೆನ್ನಿನ ಮೊನೆಯಷ್ಟು. ಹೊಸಬರು ಅದನ್ನು ತಂದು ನಾಲ್ಕು ದಿನಕ್ಕೆ ಬೇಸತ್ತು ಗನ್ನನ್ನು ಅಟ್ಟಕ್ಕೆ ಹಾಕುತ್ತಾರೆ. ಏರ್ ಪಿಸ್ತೂಲಿನ ಪಟ ತನ್ನಿ. ಅದರ ಹತ್ತರ ವೃತ್ತ 11.5 ಮಿಲಿಮೀಟರ್, ಹೊರವೃತ್ತ 155.5. ರೈಫಲ್ಲಿನಲ್ಲಿ ಅದಕ್ಕೆ ಹೊಡೆದು ಹತ್ತಕ್ಕೆ ಎಂಟು ಒಳಗೆ ಬಿದ್ದ ಮೇಲೆ ಸಣ್ಣದಕ್ಕೆ ಹೋಗಿ.

ಗುಂಡು ಸೀಸದ್ದು. ಮುಟ್ಟಿದ ಕೈಯಲ್ಲೇ ಬೆಣ್ಣೆದೋಸೆಗೆ ಕೂರಬೇಡಿ, ಸೋಪು ಹಾಕಿ ತೊಳೆಯಿರಿ.

ಸ್ಪರ್ಧೆಗೆ ಹೋಗುವ ಮನಸ್ಸಿದ್ದರೆ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಕಾಲೇಜು ಮಕ್ಕಳಿದ್ದರೆ ಎನ್‌ಸಿಸಿಗೆ ಸೇರಿಸಿ. ಪಾಯಿಂಟ್ 22 ರೈಫಲ್ಲನ್ನು ಸರಿಯಾದ ಉಸ್ತುವಾರಿಯಲ್ಲಿ ಮೊದಲ ಸಲ ಹಿಡಿಯಲು ಅದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಏರ್‌ಗನ್ನಲ್ಲಿ ಕಾಗೆ, ಪಾರಿವಾಳ, ಮಂಗ ಹೊಡಿಬಹುದಾ?

ಬೇಡ. ಹಿಂದೆ ಕಾಗೆ, ಇಲಿ, ಬಾವಲಿಗಳಿಗೆ ಅಂತ ವನ್ಯಜೀವಿ ಕಾಯ್ದೆಯಲ್ಲಿ ಕೊಂದರೂ ತಪ್ಪಲ್ಲದ ಉಪದ್ರವಿಗಳ ಪಟ್ಟಿ ಬೇರೆ ಇತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ನವಿಲಿನ ಮಾತಂತೂ ಎತ್ತಲೇಬೇಡಿ.

ನಿಜವಾದ ಬಂದೂಕಿನ ಲೈಸೆನ್ಸ್ ಸಿಗುತ್ತಾ? ಯಾರನ್ನ ಹಿಡಿಬೇಕು?

ಯಾರನ್ನೂ ಹಿಡಿಯಬೇಕಿಲ್ಲ, ಫಾರಂ ಹಿಡಿದರೆ ಸಾಕು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ನಿಮಗೆ 21 ವರ್ಷ ತುಂಬಿರಬೇಕು. ಅರ್ಜಿಯ ನಮೂನೆ ಎ-1, ಆಯುಧ ಲೈಸೆನ್ಸುಗಳ ದಾಖಲೆ ಇಡುವ ಕೇಂದ್ರದ ಎನ್‌ಡಿಎಎಲ್ ಪೋರ್ಟಲ್ಲಿನಲ್ಲಿ ತುಂಬುವುದು. ಅದರ ಜೊತೆ ಬಂದೂಕು ನಿಭಾಯಿಸುವ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ದೇಹ ಮತ್ತು ಮನಸ್ಸು ಸರಿ ಇದೆ ಎಂಬ ವೈದ್ಯರ ಪತ್ರ. ಆಮೇಲೆ ಠಾಣೆಯಿಂದ ವಿಚಾರಣೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ. ಬದುವಿನ ಜಗಳ ಠಾಣೆಯ ಮೆಟ್ಟಿಲು ಹತ್ತಿದ್ದರೆ ಅದು ಇಲ್ಲಿ ಬಂದು ಕೂರುತ್ತದೆ.

ಬಜೆಟ್ಟಿನವರಿಗೆ ಉಪಯೋಗದ ಒಂದು ಸಂಗತಿ ಕಾಯ್ದೆಯ 13ನೇ ಕಲಂನಲ್ಲೇ ಇದೆ. 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ನಯವಾದ ನಳಿಗೆಯ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಲ್ಲಿ ಕೊಡಬೇಕು ಎಂಬ ಧಾಟಿಯಲ್ಲಿ ಅದು ಬರೆದಿದೆ. ರಿವಾಲ್ವರ್, ಪಿಸ್ತೂಲು, ರೈಫಲ್ಲಿಗೆ ಮಾತ್ರ ತಕ್ಕ ಕಾರಣ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಅಂದರೆ ಅಗ್ಗದ ಬಂದೂಕಿಗೇ ದಾರಿ ಸಲೀಸು. "ಜೀವಭಯ ಇದೆ" ಅಂತ ಎಲ್ಲರೂ ಬರೆಯುತ್ತಾರೆ. ದೂರಿನ ಪ್ರತಿ ಒಂದೂ ಇಲ್ಲದೆ ಬರೆದರೆ ಓದುವವರಿಗೆ ನಗು ಬರುತ್ತದೆ.

ಕೊಡುವುದಿಲ್ಲ ಎಂದರೆ ಕಾರಣ ಬರಹದಲ್ಲಿ ಕೇಳಿ. 18ನೇ ಕಲಂ ಪ್ರಕಾರ ಮೇಲ್ಮನವಿಗೆ ಅವಕಾಶ ಇದೆ.

ಜಗಳೂರು ಮತ್ತು ದುರ್ಗದ ಕೆಲವು ಹಳ್ಳಿಯವರಿಗೆ ಇನ್ನೊಂದು ಬೇಲಿ ಇದೆ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು, ಈಗಾಗಲೇ ಬಂದೂಕು ಇದ್ದವರು ಅರಣ್ಯ ಇಲಾಖೆಯಲ್ಲಿ ಹೆಸರು ಬರೆಸಬೇಕು. ಕೊಂಡುಕುರಿಗಾಗಿ ಮಾಡಿದ ರಂಗಯ್ಯನದುರ್ಗ ಅಭಯಾರಣ್ಯ ಜಗಳೂರು ತಾಲೂಕಿನಲ್ಲಿದೆ, ಜೋಗಿಮಟ್ಟಿ ಚಿತ್ರದುರ್ಗದ ಬಗಲಿಗೇ ಇದೆ. ನಿಮ್ಮ ಊರು ಆ ಸುತ್ತಿನೊಳಗೆ ಬರುತ್ತದೋ ನೋಡಿಕೊಂಡು ಅರ್ಜಿ ಹಾಕಿ. ಇಲ್ಲದಿದ್ದರೆ ಕಡತ ಎಲ್ಲಿ ಕೂತಿದೆ ಅಂತ ನಿಮಗೆ ತಿಳಿಯುವುದೇ ಇಲ್ಲ.

ಹೊಲಕ್ಕೆ ಹಂದಿ ನುಗ್ತಾವೆ. ಲೈಸೆನ್ಸ್ ಇದ್ರೆ ಹೊಡಿಬಹುದಲ್ಲ?

ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ಲಿಖಿತ ಆದೇಶ ಇಲ್ಲದೆ ಹೊಡೆದರೆ ನಿಮ್ಮ ಹೊಲದಲ್ಲೇ ಹೊಡೆದರೂ ಅದು ಬೇಟೆ. ಬಂದೂಕು ಹೋಗುತ್ತದೆ, ಲೈಸೆನ್ಸ್ ಹೋಗುತ್ತದೆ, ಜೈಲು ಬೇರೆ.

ಬೆಳೆ ಕಾಯಲು ಬಂದೂಕು ಅಂದರೆ ಬಹುಪಾಲು ಸದ್ದು. ತೆನೆ ಹಾಲು ತುಂಬುವ ಹೊತ್ತಿಗೆ, ರಾತ್ರಿ ಹನ್ನೊಂದರ ಮೇಲೆ, ಹಂದಿಯ ಹಿಂಡು ಬದುವಿನ ಮೇಲೆ ನಿಂತು ಮೂಗೇರಿಸಿ ಗಾಳಿ ನೋಡುತ್ತದೆ. ಆಗ ಅಟ್ಟಣಿಗೆಯಿಂದ ಒಂದು ಈಡು ಆಕಾಶಕ್ಕೆ ಹಾರಿಸಿದರೆ ಆ ರಾತ್ರಿ ಬರುವುದಿಲ್ಲ. ಮೂರನೇ ರಾತ್ರಿಗೆ ಸದ್ದು ಅಭ್ಯಾಸವಾಗಿ ಮತ್ತೆ ಬರುತ್ತದೆ. ಒಂದೊಂದು ತೋಟೆಗೂ ದುಡ್ಡು ಕೊಡುವವನಿಗೆ ಇದು ಹೊಂದುವ ಲೆಕ್ಕವಲ್ಲ. ಸೋಲಾರ್ ಬೇಲಿ ನನಗೆ ಬಂದೂಕಿಗಿಂತ ಜಾಸ್ತಿ ಜೋಳ ಉಳಿಸಿದೆ. ಹಾನಿಯಾದರೆ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಸಿಡಿಮದ್ದಿನ ಉಂಡೆ ಇಡುವವರ ಸಹವಾಸ ಬೇಡ. ಅದನ್ನು ಕಚ್ಚುವುದು ಹಂದಿಯೇ ಆಗಬೇಕೆಂದಿಲ್ಲ, ಪಕ್ಕದ ಹೊಲದವರ ಹಸುವೂ ಕಚ್ಚುತ್ತದೆ.

ಒಂಟಿನಳಿಗೆ, ಜೋಡಿನಳಿಗೆ, ಪಂಪ್ ಆ್ಯಕ್ಷನ್: ಯಾವುದು?

ಜೋಡಿನಳಿಗೆ, ಅದೂ ಹಳೆಯದು. ಏರ್‌ಗನ್ನಿಗೆ ಹೇಳಿದ್ದಕ್ಕೆ ಇದು ಉಲ್ಟಾ ಅನಿಸಬಹುದು. ಏರ್‌ಗನ್ನಿನಲ್ಲಿ ಸವೆಯುವುದು ಸ್ಪ್ರಿಂಗು, ವಾಷರು. ಅದು ಕಣ್ಣಿಗೆ ಕಾಣುವುದಿಲ್ಲ. ಜೋಡಿನಳಿಗೆಯಲ್ಲಿ ಕೆಟ್ಟದ್ದೆಲ್ಲ ಕಾಣುತ್ತದೆ, ನೋಡಲು ಗೊತ್ತಿರಬೇಕು ಅಷ್ಟೆ. ಈಗ ಮಕ್ಕಳಿಗೆ ಆಸಕ್ತಿ ಇಲ್ಲದೆ ಗನ್ ಹೌಸಿನಲ್ಲಿ ಬಿಟ್ಟುಹೋದ ಇಷಾಪುರ ಕಾರ್ಖಾನೆಯ ಜೋಡಿನಳಿಗೆಗಳು ಬೇಕಾದಷ್ಟಿವೆ. ಚೌಕಾಸಿಗೆ ಬಗ್ಗುತ್ತವೆ.

ನೋಡುವ ಕ್ರಮ ಹೇಳುತ್ತೇನೆ. ಮೊದಲು ಮಡಚಿ, ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ. ಅಂಗಡಿಯವರು ಖಾಲಿ ಎಂದರೂ ನೋಡಿ. ನಳಿಗೆ ಕಳಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಳಗೆ ಬೆಳಕು ಉಂಗುರ ಉಂಗುರವಾಗಿ ಸಲೀಸಾಗಿ ಓಡಬೇಕು. ನಡುವೆ ಒಂದು ಕಪ್ಪು ಬಳೆ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ಆ ಬಂದೂಕು ಬೇಡ. ಸಣ್ಣ ತುಕ್ಕಿನ ಚುಕ್ಕೆ ಇದ್ದರೆ ಬೆಲೆ ಇಳಿಸಿ ಕೇಳಿ. ಆಮೇಲೆ ನಳಿಗೆಯ ಜೋಡಿಯನ್ನು ಅದರ ಕೊಂಡಿಯಿಂದ ಒಂದು ಬೆರಳಿನಲ್ಲಿ ತೂಗುಹಾಕಿ ಉಗುರಿನಿಂದ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ನಾದ ಎಳೆಯಬೇಕು. "ದಬ್" ಅಂದರೆ ಎರಡು ನಳಿಗೆಯ ನಡುವಿನ ಬೆಸುಗೆ ಬಿಟ್ಟಿದೆ. ನಳಿಗೆ ಮತ್ತೆ ಸೇರಿಸಿ, ಅದರ ಕೆಳಗೆ ಕೈ ಹಿಡಿಯುವ ಮುಂದಿನ ಮರ ತೆಗೆದು, ಬಂದೂಕು ಮುಚ್ಚಿ, ಅಲುಗಾಡಿಸಿ. ಹಳೇ ಬಾಗಿಲಿನ ಹಾಗೆ ಗಡಗಡ ಅಂದರೆ ಬಿಟ್ಟುಬಿಡಿ.

ನಳಿಗೆಯ ಮೇಲೆ ಹಾವಿನ ಚರ್ಮದಂಥ, ಸುರುಳಿ ಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಗೋಡೆಗೆ ಚೆಂದ, ಇವತ್ತಿನ ತೋಟೆಗೆ ಅಪಾಯ. ಕೊನೆಗೆ ಕೋಣೆಯ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗದ ಉದ್ದ. ಹಳೇ ಬಂದೂಕುಗಳದ್ದು 65 ಮಿಲಿಮೀಟರ್, ಹೊಸ ತೋಟೆಗಳು ಬಹಳಷ್ಟು 70. ಉದ್ದದ ತೋಟೆ ಗಿಡ್ಡ ಕೋಣೆಯೊಳಗೆ ಸಲೀಸಾಗಿ ಹೋಗುತ್ತದೆ, ಮೋಸ ಇರುವುದು ಅಲ್ಲೇ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಗನ್ ಹೌಸ್ ಬಿಟ್ಟು ನೇರ ಮಾಲೀಕನಿಂದ ಕೊಳ್ಳುವುದಾದರೆ ಮಾರುವವನು ಮೊದಲೇ ಜಿಲ್ಲಾಧಿಕಾರಿಗೋ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಬಂದೂಕಿನ ಮೇಲಿನ ನಂಬರು, ಅವನ ಲೈಸೆನ್ಸ್ ಪುಸ್ತಕದಲ್ಲಿ ಬರೆದ ನಂಬರು ಒಂದೊಂದೇ ಅಂಕಿ ಓದಿ ತಾಳೆ ನೋಡಿ.

ಒಂಟಿನಳಿಗೆ ಅಗ್ಗ, ಕೆಟ್ಟದ್ದೇನಲ್ಲ. ತಿರುಚಿರಾಪಳ್ಳಿಯ ಪಂಪ್ ಆ್ಯಕ್ಷನ್ ಗಟ್ಟಿ, ಆದರೆ ನಮ್ಮ ಕೆಲಸಕ್ಕೆ ಅಷ್ಟು ಗುಂಡು ಎಲ್ಲಿ ಬೇಕು?

ಪಾಯಿಂಟ್ 315 ರೈಫಲ್?

ನಮ್ಮದು ಬಯಲುಸೀಮೆ. ಗುರಿ ತಪ್ಪಿದ ರೈಫಲ್ ಗುಂಡು ತಡೆಯಲು ಗುಡ್ಡ ಇಲ್ಲ, ಮರವೂ ಇಲ್ಲ. ಸಣ್ಣ ಪಾಯಿಂಟ್ 22 ಗುಂಡೇ ಒಂದೂವರೆ ಕಿಲೋಮೀಟರ್ ಹೋಗುತ್ತದೆ. 315 ಅದರ ಅಪ್ಪ. ಮುಂದಿನ ಊರಿನ ಕಣದಲ್ಲಿ ಯಾರು ಕೂತಿದ್ದಾರೋ ಯಾರಿಗೆ ಗೊತ್ತು. 303, 9 ಮಿಲಿಮೀಟರ್ ಕೇಳುವವರಿಗೆ: ಅವು ನಿಷೇಧಿತ ಬೋರ್, ನಮಗೆ ನಿಮಗೆ ಸಿಗುವಂಥದ್ದಲ್ಲ.

ಕೈಗೊಂದು ರಿವಾಲ್ವರ್?

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಣ್ಣುಮಕ್ಕಳಿಗೆಂದು 'ನಿರ್ಭೀಕ್' ಎಂಬ ಪಾಯಿಂಟ್ 32 ರಿವಾಲ್ವರ್ ಬಿಟ್ಟಾಗಲೇ ಬೆಲೆ ಸುಮಾರು 1.22 ಲಕ್ಷ ಇತ್ತು. 2023ರಲ್ಲಿ 'ಪ್ರಬಲ್' ಬಂತು. 2025ರ ಸೆಪ್ಟೆಂಬರಿನಿಂದ ರಿವಾಲ್ವರ್, ಪಿಸ್ತೂಲಿನ ಮೇಲೆ ಜಿಎಸ್‌ಟಿ ಶೇ 40. ತೆರಿಗೆಯ ದುಡ್ಡಿನಲ್ಲೇ ಒಂದು ಹಳೇ ಜೋಡಿನಳಿಗೆಗೆ ಮಾತಾಡಬಹುದು. ಇದು ಬಜೆಟ್ಟಿನ ಪುಟ, ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಅಜ್ಜನ ಬಂದೂಕು ಅಟ್ಟದ ಮೇಲಿದೆ. ಅಜ್ಜ ತೀರಿಕೊಂಡು ಆರು ವರ್ಷ ಆಯ್ತು. ಈಗೇನು?

ಇವತ್ತೇ ಹೋಗಿ. ಲೈಸೆನ್ಸ್ ಇದ್ದವರು ತೀರಿಕೊಂಡ ಕೂಡಲೇ ತಡಮಾಡದೆ ಬಂದೂಕನ್ನು ಠಾಣೆಗೋ ಗನ್ ಹೌಸಿಗೋ ಒಪ್ಪಿಸಬೇಕು ಎಂದು 21ನೇ ಕಲಂ ಹೇಳುತ್ತದೆ. ಲೈಸೆನ್ಸಿಲ್ಲದೆ ಇಟ್ಟುಕೊಂಡದ್ದಕ್ಕೆ 2019ರ ನಂತರ ಎರಡರಿಂದ ಐದು ವರ್ಷ ಶಿಕ್ಷೆ. ಅಟ್ಟದ ಮೇಲೆ ಮರೆತದ್ದು ಅಂದರೂ ಕಾಗದದ ಮೇಲೆ ಇಟ್ಟುಕೊಂಡದ್ದೇ. ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬೇಡಿ. ಮೊದಲು ಒಬ್ಬ ವಕೀಲರನ್ನು ಕಂಡು, ಅವರ ಮೂಲಕ ಬರಹದಲ್ಲಿ ತಿಳಿಸಿ, ಹೇಳಿದ ಹಾಗೆ ಒಪ್ಪಿಸಿ, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ.

ಹಿರಿಯರು ಇನ್ನೂ ಇದ್ದರೆ ಇದೆಲ್ಲ ಬೇಕಿಲ್ಲ. ಅವರಿಗೆ 70 ದಾಟಿದ್ದರೆ, ಅಥವಾ 25 ವರ್ಷ ಲೈಸೆನ್ಸ್ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ಮಕ್ಕಳ, ಸೊಸೆಯ, ಅಳಿಯನ ಹೆಸರಿಗೆ ಮಾಡಿಸಬಹುದು. ನಮ್ಮ ಜೋಡಿನಳಿಗೆ ನನ್ನ ಕೈಗೆ ಬಂದದ್ದು ಹೀಗೇ. ಒಂದು ರೂಪಾಯಿ ಬಂದೂಕಿಗೆ ಕೊಡಲಿಲ್ಲ. ಬಜೆಟ್ ಬಂದೂಕು ಅಂದರೆ ಇದಕ್ಕಿಂತ ಬೇರೆ ಇಲ್ಲ.

ನಮ್ಮ ಜಿಲ್ಲೆಯವರಿಗೆ ಮಾತ್ರ ಬರುವ ಒಂದು ತೊಡಕೂ ಇದೆ. 1997ರ ಆಗಸ್ಟ್ 15ಕ್ಕೆ ಮೊದಲು ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಅಪ್ಪನ ಪುಸ್ತಕದ ಮೇಲೆ ಚಿತ್ರದುರ್ಗದ ಮೊಹರು ಇದೆ. ಚನ್ನಗಿರಿ, ಹೊನ್ನಾಳಿಯವರದ್ದು ಶಿವಮೊಗ್ಗದ ಮೊಹರು. ಹರಪನಹಳ್ಳಿಯವರದ್ದು ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಆ ಪುಸ್ತಕ ಊರು ಬಿಟ್ಟು ಕದಲದೆಯೇ ಮೂರು ಜಿಲ್ಲೆ ಸುತ್ತಿದೆ. ಹಳೇ ಕಡತ ಯಾವ ಕಚೇರಿಯ ಯಾವ ಕಪಾಟಿನಲ್ಲಿದೆ ಎಂದು ಹುಡುಕುವುದರಲ್ಲೇ ನನ್ನ ಎರಡು ತಿಂಗಳು ಕಳೆಯಿತು. ಪುಸ್ತಕದ ಎಲ್ಲ ಪುಟದ ಜೆರಾಕ್ಸ್ ಇಟ್ಟುಕೊಳ್ಳಿ, ಖಾಲಿ ಪುಟದ್ದೂ ಸೇರಿ. ಎನ್‌ಡಿಎಎಲ್‌ನ ಯುಐಎನ್ (ಲೈಸೆನ್ಸಿನ ವಿಶಿಷ್ಟ ಗುರುತಿನ) ನಂಬರು ಬಿದ್ದಿದೆಯೇ ನೋಡಿ. ಅದಿಲ್ಲದ ಪುಸ್ತಕಕ್ಕೆ ಈಗ ಬೆಲೆ ಇಲ್ಲ.

ಕೊಡವರಿಗೆ ಲೈಸೆನ್ಸ್ ಬೇಡವಂತೆ, ನಮಗ್ಯಾಕೆ?

ಅದು ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ. 2029ರವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ನಮಗೆ ಅನ್ವಯಿಸುವುದಿಲ್ಲ. ದುರ್ಗದವರ ಹೆಸರಾಂತ ಆಯುಧ ಒನಕೆ, ಅದಕ್ಕೆ ಇವತ್ತಿಗೂ ಲೈಸೆನ್ಸ್ ಕೇಳಿಲ್ಲ.

ಪಾಳೇಗಾರರ ಕಾಲದ ಕೋವಿ ಒಂದು ಸಿಕ್ಕಿದೆ. ಇಟ್ಕೊಬಹುದಾ?

ದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ನೋಡಿ ಬಂದವರೆಲ್ಲ ತಮ್ಮ ಮನೆಯ ತುಕ್ಕು ಹಿಡಿದ ನಳಿಗೆಯೂ ಮದಕರಿ ನಾಯಕನದ್ದೇ ಅನ್ನುತ್ತಾರೆ. ಹೈದರ್ ಅಲಿ ಕೋಟೆ ಹಿಡಿದದ್ದು 1779ರಲ್ಲಿ. ಅಷ್ಟು ಹಳೆಯದು ಮನೆಗಳಲ್ಲಿ ಉಳಿದಿರುವುದು ಅಪರೂಪ. ನಾನು ನೋಡಿದ್ದರಲ್ಲಿ ಹೆಚ್ಚಿನವು ಬ್ರಿಟಿಷರ ಕಾಲದ ಕೇಪಿನ ಕೋವಿಗಳು.

ಹಳೇ ಮಾದರಿಯ, ರಿಪೇರಿ ಮಾಡಿದರೂ ಹಾರದ ಆಯುಧಕ್ಕೆ 45ನೇ ಕಲಂನಲ್ಲಿ ವಿನಾಯಿತಿ ಇದೆ. 2020ರ ಫೆಬ್ರವರಿಯಲ್ಲಿ ಕುತೂಹಲದ ಹಳೇ ಬಂದೂಕುಗಳನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದೆಂದು ಕೇಂದ್ರವೂ ಸ್ಪಷ್ಟಪಡಿಸಿತು. ಆದರೆ ಹೊರಗೆ ಒಯ್ಯಲು, ಹಾರಿಸಲು ಲೈಸೆನ್ಸ್ ಬೇಕೇ ಬೇಕು. ಹಾರುತ್ತದೋ ಇಲ್ಲವೋ, ಹಳೆಯದೋ ಅಲ್ಲವೋ ಎಂದು ತೀರ್ಮಾನಿಸುವವರು ನೀವಲ್ಲ. ಅಧಿಕಾರಿಗಳಿಂದ ಬರಹದಲ್ಲಿ ಪಡೆದುಕೊಳ್ಳಿ, ಆಮೇಲೆ ಗೋಡೆಗೆ ಮೊಳೆ ಹೊಡೆಯಿರಿ. ಮದ್ದು ತುಂಬಿ ನೋಡುವ ಸಾಹಸ ಬೇಡ.

ಒಬ್ರು ಇಪ್ಪತ್ತು ಸಾವಿರಕ್ಕೆ ಕಂಟ್ರಿ ಪಿಸ್ತೂಲು ಕೊಡ್ತೀನಿ ಅಂತಾರೆ. ಇನ್ನೊಬ್ರು ಬೇರೆ ರಾಜ್ಯದ ಲೈಸೆನ್ಸ್ ಮಾಡಿಸಿಕೊಡ್ತೀನಿ ಅಂತಾರೆ.

ಮೊದಲನೆಯದರಲ್ಲಿ ಜೈಲು, ಇಲ್ಲವೇ ಅದು ಕೈಯಲ್ಲೇ ಸಿಡಿದು ಬೆರಳು ಹೋಗುತ್ತದೆ. ಎರಡನೆಯದು ತಡವಾಗಿ ಬರುವ ಜೈಲು. ಜಮ್ಮು–ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಹೊರಗಿನವರಿಗೆ ಲೈಸೆನ್ಸ್ ಹಂಚಿದ ಹಗರಣ ಸಿಬಿಐವರೆಗೆ ಹೋಗಿದೆ.

ಎಲೆಕ್ಷನ್ ಬಂದಾಗ ಬಂದೂಕು ಒಪ್ಪಿಸ್ಲೇಬೇಕಾ?

ನೀತಿಸಂಹಿತೆ ಜಾರಿಯಾದ ಕೂಡಲೇ ನೋಟಿಸ್ ಬರುತ್ತದೆ. ತೀರ ಅಗತ್ಯ ಇದ್ದವರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ವಿನಾಯಿತಿ ಕೇಳಿ ಬರೆಯಬಹುದು. ಉಳಿದವರು ಒಪ್ಪಿಸಿ ರಸೀದಿ ತಗೊಳ್ಳಿ. ಅದರಲ್ಲಿ ನಂಬರು ಮಾತ್ರವಲ್ಲ, ಬಂದೂಕಿನ ಸ್ಥಿತಿಯನ್ನೂ ಬರೆಸಿ. ಒಂದು ಚುನಾವಣೆಯಲ್ಲಿ ನಾನು ಅವಸರಕ್ಕೆ ಬಟ್ಟೆಚೀಲದಲ್ಲಿ ಸುತ್ತಿ ಕೊಟ್ಟಿದ್ದೆ. ಎರಡು ತಿಂಗಳ ನಂತರ ವಾಪಸ್ ತಂದು ಚೀಲ ಬಿಚ್ಚಿದರೆ ಬಲನಳಿಗೆಯ ಮೇಲೆ ಅಂಗೈ ಅಗಲದ ಕೆಂಪು. ಮಳೆ ಸೋರಿದ ಗೋಡೆಗೆ ಒರಗಿಸಿದ್ದರಂತೆ. ರಸೀದಿಯಲ್ಲಿ ಸ್ಥಿತಿ ಬರೆಸಿರಲಿಲ್ಲವಾದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಅಂದಿನಿಂದ ಒಳಗೂ ಹೊರಗೂ ದಪ್ಪಗೆ ಎಣ್ಣೆ ಸವರಿ, ಫೋಟೊ ತೆಗೆದು, ಆಮೇಲೆ ಕೊಡುತ್ತೇನೆ.

ಮನೇಲಿ ಎಲ್ಲಿಡೋದು? ಎಣ್ಣೆ ಯಾವುದು?

ಗೋಡೆಗೆ ಬಿಗಿದ ಕಬ್ಬಿಣದ ಬೀರು. ತೋಟೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ. ಬೀಗದಕೈ ದೇವರಮನೆಯ ಮೊಳೆಗೆ ನೇತುಹಾಕಿದರೆ ಊರಿಗೆಲ್ಲ ಕೊಟ್ಟ ಹಾಗೆ. ತೋಟೆ ಎಷ್ಟು ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಎಂಬುದು ಪುಸ್ತಕದಲ್ಲೇ ಬರೆದಿರುತ್ತದೆ. ಅದಕ್ಕಿಂತ ಒಂದು ಜಾಸ್ತಿ ಇದ್ದರೂ ತಪ್ಪು. ಚರ್ಮದ ಚೀಲ ಒಯ್ಯಲು ಮಾತ್ರ, ಇಡಲು ಅಲ್ಲ, ಅದು ತೇವ ಹೀರುತ್ತದೆ. ನಳಿಗೆಗೆ ಗನ್ ಆಯಿಲ್ ಎರಡು ಹನಿ ಸಾಕು. ಹಳೇ ಹತ್ತಿ ಬನಿಯನ್ನಿನ ತುಂಡಿಗಿಂತ ಒಳ್ಳೆ ಒರಸುವ ಬಟ್ಟೆ ನಾನು ಕಂಡಿಲ್ಲ. ಕೊಬ್ಬರಿ ಎಣ್ಣೆ ತಲೆಗೆ ಇರಲಿ, ಬಂದೂಕಿನ ಮೇಲೆ ಅದು ಅಂಟಾಗುತ್ತದೆ.

ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಹಾಕಿ. ದಿನಾಂಕವನ್ನು ಬೀರುವಿನ ಬಾಗಿಲ ಒಳಗಡೆ ಬರೆದು ಅಂಟಿಸಿ.

ಮದುವೆ ಮೆರವಣಿಗೇಲಿ ಗಾಳಿಗೆ ಒಂದು ಹಾರಿಸಿದ್ರೆ?

ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪಟಾಕಿ ಅಗ್ಗ.

ಆಯುಧಪೂಜೆಗೆ ಬಂದೂಕಿಗೆ ಕುಂಕುಮ ಹಚ್ಚಬಹುದಾ?

ಹಚ್ಚದಿದ್ದರೆ ಮನೆಯವರು ಬಿಡುತ್ತಾರಾ? ನಮ್ಮಲ್ಲೂ ಟ್ರ್ಯಾಕ್ಟರು, ಮಚ್ಚು, ಕುಡುಗೋಲಿನ ಸಾಲಿನ ಕೊನೆಗೆ ಬಂದೂಕು ಇರುತ್ತದೆ. ಮೊದಲು ಖಾಲಿ ಮಾಡಿ, ಮಡಚಿಟ್ಟೇ ಪೂಜೆಗೆ ಇಡಿ. ನೀರಲ್ಲಿ ಕಲಸಿದ ಅರಿಶಿನ, ಕುಂಕುಮ, ನಿಂಬೆಹಣ್ಣಿನ ರಸ ಮೂರೂ ನಳಿಗೆಯ ಕಪ್ಪು ಬಣ್ಣಕ್ಕೆ ಶತ್ರು. ಒಂದೇ ರಾತ್ರಿ ಬಿಟ್ಟರೂ ಬೊಟ್ಟಿನ ಆಕಾರದಲ್ಲೇ ತುಕ್ಕು ಕೂರುತ್ತದೆ. ಅಪ್ಪನ ಬಂದೂಕಿನ ನಳಿಗೆಯ ಬುಡದಲ್ಲಿ ಅಂಥ ಮೂರು ದುಂಡನೆ ಕಲೆ ಇವೆ, ಒಂದರ ಪಕ್ಕ ಒಂದು, ಅವ್ವನ ಬೆರಳಿನ ಅಗಲ. ಗನ್ ಹೌಸಿನವನು ಪಾಲಿಶ್ ಮಾಡಿ ತೆಗೆದುಕೊಡುತ್ತೇನೆ ಅಂದ. ನಾನು ಬೇಡ ಅಂದೆ. ಈಗ ಬೊಟ್ಟು ಇಡುವುದು ಹಿಂದಿನ ಮರದ ಮೇಲೆ.